ಸಹಾಯ ಬೇಕು: ಪವರ್‌ಲಿಫ್ಟಿಂಗ್‌ನಲ್ಲಿ 74 ಕೆಜಿಗೆ ಇಳಿಯಲಾ, 83 ಕೆಜಿ ವಿಭಾಗದಲ್ಲಿ ಎತ್ತಲಾ?

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು. ನನ್ನ ಮೊದಲ ಪವರ್‌ಲಿಫ್ಟಿಂಗ್ ಸ್ಪರ್ಧೆಗೆ ಇನ್ನು ಮೂರೇ ವಾರ. ಹೆಸರು ಕೊಟ್ಟಿರುವುದು 74 ಕೆಜಿ ವಿಭಾಗಕ್ಕೆ; ಅದರ ಮೇಲಿನದು 83. ಇವತ್ತು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಗಿದರೆ 76.4.

79ರಿಂದ ಇಲ್ಲಿಗೆ ಬರುವುದು ಕಷ್ಟ ಆಗಲಿಲ್ಲ. ರಾತ್ರಿ ಅನ್ನ ಬಿಟ್ಟೆ, ಮುದ್ದೆ ಒಂದಕ್ಕೆ ಇಳಿಸಿದೆ, ಸಂಜೆ ಮಹಾರಾಜ ಪಾರ್ಕ್‌ನಲ್ಲಿ ನಡೆದೆ. ಮೊಟ್ಟೆ, ಕೋಳಿ, ಹುರುಳಿಕಾಳು ಸೇರಿ ದಿನಕ್ಕೆ 140 ಗ್ರಾಂ ಪ್ರೋಟೀನ್ ಆಗುತ್ತೆ. ಮುದ್ದೆಯನ್ನೂ ತೂಕಕ್ಕೆ ಇಡ್ತೀನಿ ಅಂತ ಅಮ್ಮನಿಗೆ ಬೇಜಾರು. ಆದರೆ ಹತ್ತು ದಿನದಿಂದ ತೂಕ ಅಲ್ಲಾಡಿಲ್ಲ. ಹೋದ ತಿಂಗಳು 190 ಕೆಜಿ ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತಿ ನಿಲ್ಲುವುದು) ಸಲೀಸಾಗಿ ಬಂದಿತ್ತು. ಈಗ 180ಕ್ಕೇ ಬಾರ್ ಮೊಣಕಾಲ ಹತ್ತಿರ ನಿಂತುಬಿಡುತ್ತೆ.

ಜಿಮ್‌ನ ಅಣ್ಣ ಒಬ್ಬರು ಕೊನೇ ಎರಡು ದಿನ ಉಪ್ಪು, ನೀರು ಬಿಡು ಅಂತಾರೆ. ಅವರು ಬಾಡಿಬಿಲ್ಡಿಂಗ್‌ನವರು, ಸ್ಟೇಜ್ ಮೇಲೆ ಭಾರ ಎತ್ತಬೇಕಿಲ್ಲ ಅಲ್ವಾ! ನಮ್ಮಲ್ಲಿ ತೂಕ ನೋಡುವುದು ಸ್ಪರ್ಧೆಗೆ ಎರಡು ಗಂಟೆ ಮುಂಚೆ. ಅಷ್ಟರಲ್ಲಿ ಸುಸ್ತು ಹೋಗಿ ಸ್ಕ್ವಾಟ್‌ಗೆ (ಭುಜದ ಮೇಲೆ ಬಾರ್ ಇಟ್ಟು ಕೂತು ಏಳೋದಕ್ಕೆ) ಕಾಲು ನಿಲ್ಲುತ್ತಾ?

ವಿಭಾಗ ಬದಲಿಸಲು ಭಾನುವಾರದವರೆಗೆ ಟೈಮ್ ಇದೆ. ಸ್ಪರ್ಧೆಗೆ ಇಳಿದು ಗೊತ್ತಿರುವವರು ಹೇಳಿ: ನೀರು ಬಿಡದೆ, ಊಟದಲ್ಲೇ ಈ 2.4 ಕೆಜಿ ಇಳಿಸಬಹುದಾ? ಇಲ್ಲ, 83ಕ್ಕೆ ಬದಲಿಸಿ ಹೊಟ್ಟೆ ತುಂಬ ತಿಂದು ಎತ್ತಲಾ?