ಫಿಂಗರ್‌ಬೋರ್ಡ್‌ನ ಹಿತ್ತಾಳೆ ಪಟ್ಟಿ ಮಳೆಗಾಲದಲ್ಲಿ ಬಿಟ್ಟುಕೊಳ್ಳುತ್ತಿದೆ, ಏನು ಮಾಡಲಿ?

ಬದಿಯಡ್ಕ_ತಂತಿ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಒಂದು ಅಕೌಸ್ಟಿಕ್ ಗಿಟಾರ್ ಕಟ್ಟುತ್ತಿದ್ದೇನೆ. ಫಿಂಗರ್‌ಬೋರ್ಡ್ (ತಂತಿಗಳ ಕೆಳಗೆ ಬೆರಳು ಒತ್ತುವ ಹಲಗೆ) ಬೀಟೆ ಮರದ್ದು. ಅಂಚು ಮುಚ್ಚುವ ಪ್ಲಾಸ್ಟಿಕ್ ಬೈಂಡಿಂಗ್ ಬದಲು ಎರಡೂ ಬದಿಗೆ ಹಿತ್ತಾಳೆ ಪಟ್ಟಿ ಹಾಕಿದ್ದೇನೆ. ದಪ್ಪ 1.5 ಮಿಮೀ, ಎತ್ತರ 6 ಮಿಮೀ. ಕೊನೆಯಲ್ಲಿ, ಸೌಂಡ್‌ಹೋಲ್ ಕಡೆ, ಅಡ್ಡಕ್ಕೂ ಒಂದು ತುಂಡು ಕೂರಿಸಿದ್ದೇನೆ. ಸೂಪರ್ ಗ್ಲೂನಿಂದ ಅಂಟಿಸಿ, ಆಮೇಲೆ ಫ್ರೆಟ್ (ಹಲಗೆಗೆ ಅಡ್ಡ ಕೂರುವ ಲೋಹದ ಪಟ್ಟಿಗಳು) ಬಡಿದದ್ದು.

ಏಪ್ರಿಲ್‌ನಲ್ಲಿ ಏನೂ ತೊಂದರೆ ಇರಲಿಲ್ಲ. ಮಳೆ ಹಿಡಿದ ಮೇಲೆ ತೆಳು ತಂತಿಯ ಬದಿಯಲ್ಲಿ 7ನೇ ಫ್ರೆಟ್‌ನಿಂದ 12ರವರೆಗೆ ಪಟ್ಟಿ ಬಿಟ್ಟಿದೆ. ಒಳಗೆ ಕಾಗದ ತೂರುತ್ತದೆ. ಉಗುರಿನಿಂದ ತಟ್ಟಿದರೆ ಟಕ್ ಟಕ್ ಅಂತ ಟೊಳ್ಳು ಶಬ್ದ. ಸಂದಿಗೆ ಇನ್ನಷ್ಟು ಸೂಪರ್ ಗ್ಲೂ ಬಿಟ್ಟು ಒತ್ತಿ ಹಿಡಿದರೆ ಸಾಕಾ? ಅಥವಾ ಎಲ್ಲ ಕಿತ್ತು ಮತ್ತೆ ಮಾಡಬೇಕಾ?

ಮುಳ್ಳೇರಿಯ_ಮರಗೆಲಸ:

ಸದ್ಯ ಗ್ಲೂ ಮುಟ್ಟಬೇಡಿ ಮಾರಾಯ್ರೆ. ಮೊದಲು ಒಂದು ನೋಡಿ ಹೇಳಿ. ಸಂದಿ ಎಲ್ಲಿ ಜಾಸ್ತಿ ಉಂಟು? ಫ್ರೆಟ್ ಇರುವ ಜಾಗದಲ್ಲೇ? ಅಥವಾ ಎರಡು ಫ್ರೆಟ್‌ಗಳ ನಡುವೆ? ಟಾರ್ಚ್ ಅಡ್ಡ ಹಿಡಿದು ನೋಡಿ. ಅಡ್ಡ ತುಂಡಿನ ಮೂಲೆ ಹೇಗಿದೆ ಅಂತಲೂ ಹೇಳಿ.

ಬದಿಯಡ್ಕ_ತಂತಿ:

ನೋಡಿದೆ ಅಣ್ಣ. ಫ್ರೆಟ್ ಇರುವಲ್ಲಿ ಸಂದಿ ದೊಡ್ಡದು, ನಡುವೆ ಕಡಿಮೆ. ಪಟ್ಟಿ ಸಣ್ಣಗೆ ಅಲೆಅಲೆಯಾಗಿ ಕಾಣುತ್ತದೆ. ಅಡ್ಡ ತುಂಡಿನ ಎರಡೂ ಮೂಲೆ ಕೂದಲೆಳೆಯಷ್ಟು ತೆರೆದಿವೆ.

ಮುಳ್ಳೇರಿಯ_ಮರಗೆಲಸ:

ಹಾಗಾದರೆ ಇಲ್ಲಿ ಮೂರು ಬೇರೆ ಬೇರೆ ಕಾರಣ ಸೇರಿವೆ.

ಮೊದಲನೆಯದು ಫ್ರೆಟ್. ಫ್ರೆಟ್‌ನ ಕೆಳಗೆ ಮರದ ಸೀಳಿನೊಳಗೆ ಇಳಿಯುವ ಕಾಲು ಉಂಟಲ್ಲ, ಅದರ ತುದಿ ಹಿತ್ತಾಳೆಗೆ ತಾಗಿ ನಿಂತಿದೆ. ಬಡಿಯುವಾಗ ಅದು ಪಟ್ಟಿಯನ್ನು ಹೊರಗೆ ತಳ್ಳಿದೆ. ಪ್ಲಾಸ್ಟಿಕ್ ಆಗಿದ್ದರೆ ಸ್ವಲ್ಪ ಬಾಗಿ ಸುಮ್ನಿರುತ್ತಿತ್ತು. ಹಿತ್ತಾಳೆ ಹಾಗೆ ಬಾಗುವುದಿಲ್ಲ, ಅಕ್ಕಪಕ್ಕದ ಅಂಟನ್ನೂ ಕೀಳುತ್ತದೆ. ಅಲೆಅಲೆ ಕಾಣುವುದು ಅದಕ್ಕೇ. ಇದು ಬೇಸಿಗೆಯಲ್ಲೇ ಶುರುವಾಗಿದೆ, ಮಳೆಗಾಲದಲ್ಲಿ ಕಣ್ಣಿಗೆ ಬಿತ್ತು ಅಷ್ಟೆ.

ಎರಡನೆಯದು ಅಂಟು. ಮರ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ. ಹಿತ್ತಾಳೆ ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 0.019 ಮಿಮೀ ಹಿಗ್ಗುತ್ತದೆ, ಮರ ಅದರ ನಾಲ್ಕನೇ ಒಂದರಷ್ಟು. ಬಿಸಿಲಲ್ಲಿ ನಿಂತ ಕಾರಿನೊಳಗೆ ಗಿಟಾರ್ 20 ಡಿಗ್ರಿ ಜಾಸ್ತಿ ಕಾದರೆ, 47 ಸೆಂಮೀ ಪಟ್ಟಿಗೆ ಎರಡರ ನಡುವೆ ಸುಮಾರು 0.13 ಮಿಮೀ ವ್ಯತ್ಯಾಸ ಬರುತ್ತದೆ. ಕೇಳಲು ಸಣ್ಣದು. ಆದರೆ ಸೂಪರ್ ಗ್ಲೂ ಒಣಗಿದ ಮೇಲೆ ಗಾಜಿನ ಹಾಗೆ ಗಡುಸು, ಜಗ್ಗುವುದಿಲ್ಲ. ಮೊದಲೇ ಹೊರಗೆ ದಬ್ಬಿಸಿಕೊಂಡ ಪಟ್ಟಿ ಈ ಎಳೆದಾಟದಲ್ಲಿ ಬಿಟ್ಟೇ ಬಿಡುತ್ತದೆ. ಮರಕ್ಕೆ ಹಾಕುವ ಬಿಳಿ ಅಂಟಂತೂ ಬೇಡವೇ ಬೇಡ, ಲೋಹಕ್ಕೆ ಅದು ಹಿಡಿಯುವುದಿಲ್ಲ.

ಮೂರನೆಯದು ಮೂಲೆ. ಮರ ತೇವಕ್ಕೆ ಹಿಗ್ಗುವುದು ಅಗಲಕ್ಕೆ. 55 ಮಿಮೀ ಅಗಲದ ಬೀಟೆ ನಮ್ಮ ಜುಲೈ ತಿಂಗಳ ತೇವ ಕುಡಿದರೆ 0.2 ಮಿಮೀ ಆಸುಪಾಸು ಅಗಲವಾಗಬಹುದು. ಬದಿಯ ಪಟ್ಟಿಗಳು ಮರದ ಜೊತೆಗೇ ಸರಿಯುತ್ತವೆ, ಅವಕ್ಕೆ ತೊಂದರೆ ಇಲ್ಲ. ಅಡ್ಡ ತುಂಡು ಮಾತ್ರ ಇದ್ದಷ್ಟೇ ಇರುತ್ತದೆ. ಮೂಲೆ ತೆರೆಯದೆ ಬೇರೆ ದಾರಿ ಇಲ್ಲ. ನನ್ನ ಮಾತು ಕೇಳುವುದಾದರೆ ಆ ಅಡ್ಡ ತುಂಡನ್ನು ತೆಗೆದು ಬೀಟೆಯದ್ದೇ ಪಟ್ಟಿ ಹಾಕಿ.

ತಾಳವಾಡಿ_ವೀಣೆ:

ಮುಳ್ಳೇರಿಯದವರು ಹೇಳಿದ್ದು ಸರಿ. ವೀಣೆಯಲ್ಲಿ ಹಿತ್ತಾಳೆ ಮೆಟ್ಟಿಲು, ಅಂದರೆ ಅದರ ಫ್ರೆಟ್, ಕೂರುವುದು ಇದ್ದಿಲ ಪುಡಿ ಸೇರಿಸಿದ ಜೇನುಮೇಣದ ಮೇಲೆ. ಸೆಕೆಗೆ ಮೇಣ ಮೆತ್ತಗಾಗಿ ಮೆಟ್ಟಿಲು ಸರಿದರೆ ಮತ್ತೆ ಕೂರಿಸಿಕೊಳ್ಳಬಹುದು. ಗಿಟಾರಿಗೆ ಮೇಣ ಆಗುವುದಿಲ್ಲ, ಆದರೂ ಲೋಹಕ್ಕೂ ಮರಕ್ಕೂ ನಡುವೆ ಸ್ವಲ್ಪ ಜಗ್ಗುವಂಥದ್ದೇ ಇರಬೇಕು. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚುವ ಅಂಟು) ಒಳ್ಳೆಯದು. 5 ನಿಮಿಷದ್ದು ತರಬೇಡಿ.

ಬದಿಯಡ್ಕ_ತಂತಿ:

ಅಂದರೆ ಕೀಳಲೇಬೇಕು. ಬೀಟೆ ಸಿಬಿರು ಏಳದ ಹಾಗೆ ಕೀಳುವುದು ಹೇಗೆ?

ಮುಳ್ಳೇರಿಯ_ಮರಗೆಲಸ:

ಬಿಸಿ ಕೊಟ್ಟು. ಹಿತ್ತಾಳೆಯಲ್ಲಿ ಬಿಸಿ ಬೇಗ ಹರಿಯುತ್ತದೆ, ಅದು ಇಲ್ಲಿ ಅನುಕೂಲ. ಬಿಟ್ಟ ಜಾಗದಿಂದ ಶುರು ಮಾಡಿ. ಸೋಲ್ಡರಿಂಗ್ ಐರನ್ ಅನ್ನು ಪಟ್ಟಿಯ ಹೊರಮೈಗೆ ಒತ್ತಿ ಹಿಡಿಯಿರಿ, ತೆಳು ಬ್ಲೇಡನ್ನು ಸಂದಿಯಲ್ಲಿ ಇಟ್ಟುಕೊಳ್ಳಿ. ಅಂಟು ಮೆತ್ತಗಾದಾಗ ಬ್ಲೇಡ್ ತಾನೇ ಮುಂದೆ ಸರಿಯುತ್ತದೆ. ಸರಿಯದಿದ್ದರೆ ಇನ್ನೂ ಕಾಯಿರಿ, ಎಳೆಯಬೇಡಿ. ಕಿಟಕಿ ತೆರೆದಿಡಿ, ಕಾದ ಸೂಪರ್ ಗ್ಲೂ ಹೊಗೆ ಕಣ್ಣಿಗೆ ಚುರುಚುರು ಅನ್ನುತ್ತದೆ. ಅಸಿಟೋನ್ ಸುರಿದು ಕರಗಿಸುವ ಯೋಚನೆ ಬೇಡ. ಕೆಳಗೆ ಹರಿದರೆ ನೆಕ್‌ನ, ಅಂದರೆ ಗಿಟಾರಿನ ಕುತ್ತಿಗೆಯ, ಪಾಲಿಶ್ ಹೋಗುತ್ತದೆ.

ಆಮೇಲೆ 7ರಿಂದ 12ರವರೆಗಿನ ಫ್ರೆಟ್ ಬಿಸಿ ಮಾಡಿ ಎಬ್ಬಿಸಿ. ಎರಡೂ ತುದಿಯಲ್ಲಿ ಕಾಲನ್ನು ಕತ್ತರಿಸಿ ಅರದಿಂದ ಉಜ್ಜಿ. ಪಟ್ಟಿಗಿಂತ ಅರ್ಧ ಮಿಮೀ ಒಳಗೇ ಕಾಲು ನಿಲ್ಲಬೇಕು. ಮೇಲಿನ ತಲೆ ಮಾತ್ರ ಪಟ್ಟಿಯ ಮೇಲೆ ಮಲಗಲಿ. ಉಳಿದ ಫ್ರೆಟ್‌ಗಳನ್ನೂ ಪರೀಕ್ಷೆ ಮಾಡಿ. ಇವತ್ತು ಬಿಡದ ಪಟ್ಟಿ ಮುಂದಿನ ಬೇಸಿಗೆಗೆ ಬಿಡಬಹುದು.

ಅಂಟಿಸುವಾಗ ನಿಜವಾದ ಕೆಲಸ ಹಿತ್ತಾಳೆಯ ಮೈ ತಯಾರು ಮಾಡುವುದು. ಒಳಮೈಯನ್ನು 120ರ ಮರಳು ಕಾಗದದಿಂದ ಅಡ್ಡಡ್ಡ ಗೀಚಿ. ಹೊಳಪು ಪೂರ್ತಿ ಹೋಗಿ ಮಂಕು ಹಳದಿ ಬರಬೇಕು. ಬಟ್ಟೆಗೆ ಅಸಿಟೋನ್ ಹಾಕಿ ಒರೆಸಿ. ಬೀಟೆಯ ಅಂಚನ್ನೂ ಒರೆಸಿ, ಆ ಮರದಲ್ಲಿ ಎಣ್ಣೆ ಉಂಟು. ಬಟ್ಟೆಗೆ ಕಂದು ಬಣ್ಣ ಬರುತ್ತದೆ, ಗಾಬರಿಯಾಗಬೇಡಿ. ಮತ್ತೆ ಬೆರಳು ತಾಗಿಸಬೇಡಿ. ಎಪಾಕ್ಸಿ ಕಲಸಿ ಪಟ್ಟಿಗೆ ತೆಳುವಾಗಿ ಹಚ್ಚಿ, ಒದ್ದೆಯಿರುವಾಗಲೇ ಅದರ ಮೇಲೆ ಇನ್ನೊಮ್ಮೆ ಮರಳು ಕಾಗದ ಆಡಿಸಿ. ಹೊಸದಾಗಿ ಗೀಚಿದ ಹಿತ್ತಾಳೆಗೆ ಗಾಳಿ ತಾಗುವ ಮೊದಲೇ ಅಂಟು ಕೂರುತ್ತದೆ. ನಾನು ಲೋಹ ಅಂಟಿಸುವಾಗ ಇದೊಂದನ್ನು ಬಿಡುವುದೇ ಇಲ್ಲ.

ಹಿಡಿದಿಡಲು ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಸುತ್ತಿ, ಕೆಳಗೆ ಪ್ಯಾಕಿಂಗ್ ಟೇಪ್ ಇರಲಿ. ತೀರಾ ಬಿಗಿದರೆ ಎಪಾಕ್ಸಿ ಎಲ್ಲ ಹೊರಗೆ ಬಂದು ನಡುವೆ ಏನೂ ಉಳಿಯುವುದಿಲ್ಲ. ಸುತ್ತುವ ಮೊದಲು ನೆಕ್ ನೇರ ಇದೆಯಾ ಅಂತ ಸ್ಕೇಲ್ ಇಟ್ಟು ನೋಡಿ. ಪಟ್ಟಿ ಹಿಡಿದ ಮೇಲೆ ನೆಕ್ ಮೊದಲಿಗಿಂತ ಗಡುಸಾಗುತ್ತದೆ, ಬಗ್ಗಿದ ಹಾಗೇ ಅಂಟಿದರೆ ಟ್ರಸ್ ರಾಡ್‌ಗೆ (ನೆಕ್ ಒಳಗೆ ಅದರ ಬಾಗು ಸರಿ ಮಾಡುವ ಲೋಹದ ಸರಳು) ಕೆಲಸ ಜಾಸ್ತಿ. ಒಂದು ದಿನ ಪೂರ್ತಿ ಬಿಡಿ.

ಅಕ್ಕಲಕೋಟೆ_ಫ್ರೆಟ್:

ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ಬೇಸಿಗೆಯ ಒಣ ಸೆಕೆಯಲ್ಲಿ ಮರ ಕುಗ್ಗಿ ಫ್ರೆಟ್ ತುದಿ ಹೊರಗೆ ಬರುವುದೇ ದೊಡ್ಡ ಕಾಟ. ಮಳೆಗಾಲದಲ್ಲಿ ಹಿಗ್ಗಿದ ಮರಕ್ಕೆ ಅಳತೆ ಮಾಡಿ ಕಾಲು ಕತ್ತರಿಸಿದರೆ ಒಣಗಿದಾಗ ಅದೇ ಕಾಲು ಮತ್ತೆ ಪಟ್ಟಿಗೆ ತಾಗುತ್ತದೆ. ಅರ್ಧ ಮಿಮೀ ಅಂದದ್ದನ್ನು ಇನ್ನೂ ಕಡಿಮೆ ಮಾಡಬೇಡಿ ತಮ್ಮಾ. ಬೋರ್ಡನ್ನು ಕೆಲವು ದಿನ ಒಣ ಕೋಣೆಯಲ್ಲಿಟ್ಟು ಆಮೇಲೆ ಕೆಲಸಕ್ಕೆ ಇಳಿದರೆ ಇನ್ನೂ ಒಳ್ಳೆಯದು.

ಮತ್ತೆ, ಪಟ್ಟಿಯನ್ನು ಬೋರ್ಡ್‌ಗೆ ಸಮ ಮಾಡುವಾಗ ಮರಳು ಕಾಗದ ಹಿಡಿಯಬೇಡಿ. ಕಾಗದ ಮರವನ್ನು ಬೇಗ ತಿನ್ನುತ್ತದೆ, ಹಿತ್ತಾಳೆಯನ್ನು ನಿಧಾನ. ಪಟ್ಟಿಯ ಪಕ್ಕದಲ್ಲಿ ಮರ ತಗ್ಗಾಗಿ, ಪಟ್ಟಿ ಎತ್ತರ ಉಳಿದು, ಫ್ರೆಟ್ ತುದಿ ಅದರ ಮೇಲೆ ಎದ್ದು ನಿಲ್ಲುತ್ತದೆ. ಮರಕ್ಕೆ ಟೇಪ್ ಹಾಕಿ, ಹಿತ್ತಾಳೆಯನ್ನಷ್ಟೇ ಸಣ್ಣ ಅರದಿಂದ ಇಳಿಸಿ. ಟೇಪ್ ಇದ್ದರೆ ಹಳದಿ ಪುಡಿ ಬೀಟೆಯ ರಂಧ್ರಕ್ಕೂ ಸೇರುವುದಿಲ್ಲ.

ಬದಿಯಡ್ಕ_ತಂತಿ:

ಬಹಳ ಉಪಕಾರ. ಕೊನೆಯ ಪ್ರಶ್ನೆ. ಎಷ್ಟನೇ ಫ್ರೆಟ್ ಅಂತ ಗುರುತಿಗೆ ಇಡುವ ಬದಿಯ ಚುಕ್ಕೆಗಳನ್ನು ಇನ್ನೂ ಹಾಕಿಲ್ಲ. ಆ ಜಾಗದಲ್ಲಿ ಸಣ್ಣ ಮೊಳೆ ಹೊಡೆದರೆ ಪಟ್ಟಿಗೂ ಹಿಡಿತ ಸಿಗುತ್ತದಲ್ವಾ?

ಮುಳ್ಳೇರಿಯ_ಮರಗೆಲಸ:

ಒಳ್ಳೆ ಯೋಚನೆ, ಆದರೆ ಹೊಡೆಯಬೇಡಿ. 3, 5, 7, 9, 12ರ ಫ್ರೆಟ್ ಜಾಗದಲ್ಲಿ, ಎರಡು ಫ್ರೆಟ್‌ಗಳ ನಡುವೆ, ಪಟ್ಟಿ ದಾಟಿ ಮರದೊಳಗೆ ಹೋಗುವ ಹಾಗೆ ತೂತು ಕೊರೆದು 1.5 ಮಿಮೀ ತಾಮ್ರದ ತಂತಿಯ ತುಂಡು ಎಪಾಕ್ಸಿಯಲ್ಲಿ ಕೂರಿಸಿ. ಒಣಗಿದ ಮೇಲೆ ಅರದಿಂದ ಸಮ ಮಾಡಿ. ಹಳದಿಯ ಮೇಲೆ ಕೆಂಪು ಚುಕ್ಕೆ ಹಗಲು ಚೆನ್ನಾಗಿ ಕಾಣುತ್ತದೆ. ಸ್ಟೇಜಿನ ಮಂದ ಬೆಳಕಿಗೆ ಬೇಕಾದರೆ ತಾಮ್ರದ ಬದಲು ಕಪ್ಪು ಬಣ್ಣದ ಎಪಾಕ್ಸಿ ತುಂಬಿಸಿ, ಆದರೆ ಆಗ ತಂತಿಯಷ್ಟು ಹಿಡಿತ ಸಿಗುವುದಿಲ್ಲ. ಪಟ್ಟಿಯ ಮೇಲಂಚನ್ನು ಅರದಿಂದ ದುಂಡು ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಅಂಗೈ ಗೀರುತ್ತದೆ. ನುಡಿಸಿದ ಮೇಲೆ ಬೆವರು ಒರೆಸಿಡಿ, ನಮ್ಮ ಕಡಲ ಬದಿಯ ಗಾಳಿಗೆ ಕಿಲುಬು ಬೇಗ ಹಿಡಿಯುತ್ತದೆ.