ದಿನವಿಡೀ ಅಲಾರಂ ಕೂಗುತ್ತದೆ, ನಿಜವಾದ ಬದಲಾವಣೆ ಮಾತ್ರ ಕಣ್ಣಿಗೆ ಬೀಳಲಿಲ್ಲ. ಟ್ರಾಫಿಕ್ ಅಳೆಯುವುದು ಹೇಗೆ?

ರಾತ್ರಿಪಾಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸುಮಾರು 200 ಇಂಟರ್ಫೇಸ್‌ಗಳ (ನೆಟ್‌ವರ್ಕ್ ಲಿಂಕ್ ಸೇರುವ ಪೋರ್ಟ್‌ಗಳ) ಟ್ರಾಫಿಕ್ ನೋಡಿಕೊಳ್ಳುವುದು ನನ್ನ ಕೆಲಸ. 5 ನಿಮಿಷಕ್ಕೊಮ್ಮೆ ಎಸ್‌ಎನ್‌ಎಂಪಿಯಿಂದ (ನೆಟ್‌ವರ್ಕ್ ಸಾಧನಗಳ ಲೆಕ್ಕ ಓದುವ ವಿಧಾನ) ಬೈಟ್ ಲೆಕ್ಕ ತೆಗೆಯುತ್ತೇನೆ. ಕಳೆದ 30 ದಿನಗಳ ಸರಾಸರಿಯಿಂದ 3 ಸಿಗ್ಮಾ (ಸಿಗ್ಮಾ ಅಂದರೆ ಅಳತೆಗಳು ಸರಾಸರಿಯ ಸುತ್ತ ಸಾಮಾನ್ಯವಾಗಿ ಚದುರುವ ದೂರ) ದಾಟಿದರೆ ಮೇಲ್ ಬರುವ ಹಾಗೆ ಸ್ಕ್ರಿಪ್ಟ್ ಬರೆದಿದ್ದೇನೆ. ದಿನಕ್ಕೆ ನೂರಕ್ಕೂ ಜಾಸ್ತಿ ಮೇಲ್ ಬರುತ್ತವೆ. ಈಗ ಯಾರೂ ಓದುವುದಿಲ್ಲ, ನಿಜ ಹೇಳಬೇಕೆಂದರೆ ನಾನೂ ಓದುವುದಿಲ್ಲ.

ಕಳೆದ ವಾರ ಫೈರ್‌ವಾಲ್‌ನ ಸೆಷನ್ ಟೇಬಲ್ (ನಡೆಯುತ್ತಿರುವ ಕನೆಕ್ಷನ್‌ಗಳ ಪಟ್ಟಿ) ತುಂಬಿಹೋಯಿತು. ಹೊಸ ಕನೆಕ್ಷನ್ ಒಂದೂ ಆಗಲಿಲ್ಲ. ಅದಕ್ಕೆ ಸೇರಿದ ಲಿಂಕಿನ ಗ್ರಾಫ್ ತೆಗೆದು ನೋಡಿದರೆ ಎಂದಿನ ಹಾಗೇ ಇದೆ, ಬೆಳಗ್ಗೆ ಏರುತ್ತದೆ, ರಾತ್ರಿ ಇಳಿಯುತ್ತದೆ, ತುಂಬಾ ಹೊತ್ತು ದಿಟ್ಟಿಸಿದರೆ ರಾತ್ರಿಯ ತಗ್ಗು ಮೊದಲಿಗಿಂತ ಒಂಚೂರು ಮೇಲೆದ್ದಿದೆ ಅನ್ನಿಸುತ್ತದೆ, ಅಷ್ಟೇ. ಆ ಲಿಂಕಿನಿಂದ ಒಂದು ಮೇಲ್ ಕೂಡ ಬಂದಿರಲಿಲ್ಲ. 3 ಸಿಗ್ಮಾವನ್ನು 4 ಮಾಡಲಾ? ಅಥವಾ ಮಷಿನ್ ಲರ್ನಿಂಗ್ ಟೂಲ್ ಏನಾದರೂ ಹಾಕಬೇಕಾ?

ಲೆಕ್ಕದಪುಸ್ತಕ:

4 ಮಾಡಬೇಡಿ. ಮೇಲ್ ಕಡಿಮೆಯಾಗುತ್ತದೆ, ಕುರುಡು ಜಾಸ್ತಿಯಾಗುತ್ತದೆ.

ಮೊದಲು ಇಷ್ಟು ಲೆಕ್ಕ ಹಾಕಿ ನೋಡಿ. 5 ನಿಮಿಷಕ್ಕೊಂದು ಅಂದರೆ ದಿನಕ್ಕೆ 288 ಅಳತೆ. 200 ಇಂಟರ್ಫೇಸ್‌ಗೆ 57,600. ನಾರ್ಮಲ್ ಹಂಚಿಕೆಯಲ್ಲಿ (ಗಂಟೆಯಾಕಾರದ ಹರಡುವಿಕೆ) 3 ಸಿಗ್ಮಾದ ಆಚೆ ಬೀಳುವುದು 0.27%. ಅಂದರೆ ನೆಟ್‌ವರ್ಕ್‌ನಲ್ಲಿ ಏನೂ ಆಗದಿದ್ದರೂ ದಿನಕ್ಕೆ ಸುಮಾರು 155 ಮೇಲ್ ಬಂದೇ ಬರುತ್ತವೆ. ಟ್ರಾಫಿಕ್ ನಾರ್ಮಲ್ ಕೂಡ ಅಲ್ಲ. ಬೆಲ್‌ಕೋರ್‌ನಲ್ಲಿ (ಅಮೆರಿಕದ ಟೆಲಿಫೋನ್ ಸಂಶೋಧನಾ ಸಂಸ್ಥೆ) ಈಥರ್ನೆಟ್ ಟ್ರಾಫಿಕ್ ಅಳೆದವರು 1990ರ ದಶಕದಲ್ಲೇ ಇದನ್ನು ತೋರಿಸಿದ್ದಾರೆ. ಸೆಕೆಂಡಿನ ಸರಾಸರಿ ತೆಗೆದರೂ, ನಿಮಿಷಗಳ ಸರಾಸರಿ ತೆಗೆದರೂ ಅದೇ ಒರಟು ಏರಿಳಿತ ಉಳಿಯುತ್ತದೆ.

ಇನ್ನೊಂದು ತಮಾಷೆ ಇದೆ. ನಿಮ್ಮ ಸಿಗ್ಮಾ ಅಳೆಯುತ್ತಿರುವುದು ಹಗಲು ರಾತ್ರಿಯ ವ್ಯತ್ಯಾಸವನ್ನು. ಬಿಜಿ ಲಿಂಕಿನಲ್ಲಿ ಆ ವ್ಯತ್ಯಾಸವೇ ಎಷ್ಟು ದೊಡ್ಡದೆಂದರೆ ರಾತ್ರಿಯ ಟ್ರಾಫಿಕ್ ಎರಡು ಪಟ್ಟಾದರೂ ಗೆರೆಯೊಳಗೇ ಇರುತ್ತದೆ. ಕೆಲಸವಿಲ್ಲದೆ ಕೂತಿರುವ ಇಂಟರ್ಫೇಸ್ ಮಾತ್ರ ಯಾರೋ ಒಂದು ಫೈಲ್ ಕಾಪಿ ಮಾಡಿದರೂ ಕೂಗುತ್ತದೆ. ನಿಮಗೆ ಬರುತ್ತಿರುವ ಮೇಲ್‌ಗಳಲ್ಲಿ ಬಹುಪಾಲು ಅವುಗಳದ್ದೇ ಇರಬೇಕು, ಅಲ್ವಾ?

ಹಾಗಾಗಿ ಮೊದಲು ದಿನದ ಲಯವನ್ನು ಕಳೆಯಿರಿ. ಬೈಟ್ ಸಂಖ್ಯೆಗೆ ಲಾಗ್ (ಲಾಗರಿದಮ್) ತೆಗೆಯಿರಿ. ಮಂಗಳವಾರ ರಾತ್ರಿ 2 ಗಂಟೆಯನ್ನು ಹಿಂದಿನ ಐದಾರು ಮಂಗಳವಾರಗಳ ರಾತ್ರಿ 2 ಗಂಟೆಯ ಜೊತೆಗೇ ಹೋಲಿಸಿ. ಸರಾಸರಿ ಬೇಡ, ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) ಸಾಕು. ಉಳಿದ ವ್ಯತ್ಯಾಸವನ್ನು ಅದರ ಎಂಎಡಿಯ (ಮೀಡಿಯನ್‌ನಿಂದ ಇರುವ ದೂರಗಳ ಮೀಡಿಯನ್) 1.4826 ಪಟ್ಟಿನಿಂದ ಭಾಗಿಸಿ. ಆ 1.4826 ಪಟ್ಟೇ ನಿಮ್ಮ ಸಿಗ್ಮಾ, ಭಾಗಿಸಿ ಬಂದದ್ದು ನಿಮ್ಮ ಅಳತೆ.

ಆಮೇಲೆ ಕ್ಯುಸಮ್, ಅಂದರೆ ವ್ಯತ್ಯಾಸಗಳನ್ನು ಕೂಡಿಸುತ್ತಾ ಹೋಗುವ ಲೆಕ್ಕ. 1954ರಲ್ಲಿ ಪೇಜ್ ಎಂಬ ಸಂಖ್ಯಾಶಾಸ್ತ್ರಜ್ಞ ಬರೆದದ್ದು, ಇವತ್ತಿಗೂ ನಾಲ್ಕು ಸಾಲಿನ ಕೋಡ್. ಪ್ರತಿ ಅಳತೆಯಿಂದ 0.5 ಕಳೆದು ಹಿಂದಿನ ಮೊತ್ತಕ್ಕೆ ಸೇರಿಸಿ. ಸೊನ್ನೆಗಿಂತ ಕೆಳಗೆ ಹೋದರೆ ಸೊನ್ನೆ ಮಾಡಿ. 5 ದಾಟಿದರೆ ಅಲಾರಂ. ಇಳಿತ ಹಿಡಿಯಲು ಚಿಹ್ನೆ ತಿರುಗಿಸಿ ಇಂಥದ್ದೇ ಇನ್ನೊಂದು ಇಡಿ. ಉದಾಹರಣೆಗೆ ಅಳತೆಗಳು 1.2, 0.7, 1.6, 0.3, 1.4, 1.9, 0.8, 1.5 ಹೀಗೆ ಬಂದವು ಅಂದುಕೊಳ್ಳಿ. ಮೊತ್ತ 0.7, 0.9, 2.0, 1.8, 2.7, 4.1, 4.4, 5.4 ಆಗುತ್ತದೆ. ಎಂಟನೆಯದಕ್ಕೆ, ಅಂದರೆ 40 ನಿಮಿಷದಲ್ಲಿ ಅಲಾರಂ. ಆ ಎಂಟು ಅಳತೆಗಳಲ್ಲಿ ಒಂದಾದರೂ 2 ಮುಟ್ಟಿತಾ? 1 ಸಿಗ್ಮಾದಷ್ಟು ಜರುಗಿದರೆ ಕ್ಯುಸಮ್ ಸರಾಸರಿ 10 ಅಳತೆಗಳಲ್ಲಿ ಹಿಡಿಯುತ್ತದೆ, 3 ಸಿಗ್ಮಾ ಗೆರೆಗೆ ಸುಮಾರು 44 ಬೇಕು.

ಒಂದು ಎಚ್ಚರಿಕೆ. ಈ 5 ಅನ್ನುವುದು ಪಠ್ಯಪುಸ್ತಕದ್ದು, ಅಳತೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ, ಅಂದರೆ ಹಿಂದಿನದು ಮುಂದಿನದನ್ನು ಎಳೆಯುವುದಿಲ್ಲ ಅನ್ನುವ ನಂಬಿಕೆಯ ಮೇಲೆ ನಿಂತಿದೆ. ಟ್ರಾಫಿಕ್ ಅಂಟಿಕೊಂಡೇ ಇರುತ್ತದೆ. 200 ಇಂಟರ್ಫೇಸ್‌ಗೆ 5 ಇಟ್ಟರೆ ಮತ್ತೆ ಮೇಲ್ ಜಾತ್ರೆ. ಅರ್ಧ ಗಂಟೆಯ ಮೊತ್ತ ತೆಗೆದುಕೊಳ್ಳಿ, ಏನೂ ತೊಂದರೆಯಿಲ್ಲದ ಒಂದು ತಿಂಗಳ ಡೇಟಾ ಮೇಲೆ ಓಡಿಸಿ, ವಾರಕ್ಕೆ ಒಂದೋ ಎರಡೋ ಮೇಲ್ ಬರುವವರೆಗೆ ಗಡಿಯನ್ನು ಏರಿಸುತ್ತಾ ಹೋಗಿ.

ಗ್ರಾಫ್‌ಗಿರಾಕಿ:

ಇಷ್ಟೆಲ್ಲ ಯಾಕೆ? ಆರ್‌ಆರ್‌ಡಿಟೂಲ್‌ನಲ್ಲಿ (ಗ್ರಾಫ್ ಬರೆಯುವ ಟೂಲ್) ಹೋಲ್ಟ್-ವಿಂಟರ್ಸ್ ಅನ್ನುವ ಮುನ್ನಂದಾಜು ವಿಧಾನ ಇದೆ. ದಿನದ ಲಯವನ್ನು ತಾನೇ ಕಲಿತುಕೊಳ್ಳುತ್ತದೆ. ನಾನು ವರ್ಷಗಟ್ಟಲೆ ಅದರಲ್ಲೇ ನಡೆಸಿದ್ದೇನೆ.

ಲೆಕ್ಕದಪುಸ್ತಕ:

ದಿಢೀರ್ ಜಿಗಿತಕ್ಕೆ ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ನಿಧಾನಕ್ಕೆ ಏರುವುದನ್ನೂ ಅದು ಕಲಿತುಬಿಡುತ್ತದೆ! ಇವತ್ತಿನ ತಪ್ಪು ನಾಳೆಯ ನಾರ್ಮಲ್. ನಾನು ಹೇಳಿದ ಮೀಡಿಯನ್‌ಗೂ ಇದೇ ರೋಗವಿದೆ, ಹಾಗಾಗಿ ಆಧಾರದ ವಾರಗಳನ್ನು ತಾನಾಗಿ ಜರುಗಲು ಬಿಡಬೇಡಿ. ಒಮ್ಮೆ ಗಟ್ಟಿ ಮಾಡಿ, ಕಾರಣ ಗೊತ್ತಾದ ಮೇಲೆ ಕೈಯಾರೆ ಬದಲಿಸಿ.

ಹಳೇರೂಟರ್:

ಲೆಕ್ಕ ಎಲ್ಲ ಸರಿ ಸ್ವಾಮಿ, ಆದರೆ ನೀವು ಅಳೆಯುತ್ತಿರುವುದು ಏನನ್ನು? ಸೆಷನ್ ಟೇಬಲ್ ತುಂಬುವುದು ಕನೆಕ್ಷನ್‌ಗಳಿಂದ. ನೀವು ನೋಡುತ್ತಿರುವುದು ಬೈಟ್. ನೀರಿನ ಮೀಟರ್ ನೋಡಿಕೊಂಡು ಮನೆಯ ಬಾಗಿಲು ಎಷ್ಟು ಸಲ ತೆರೆಯಿತು ಅಂತ ಹೇಳಲಾಗುತ್ತದಾ? ಪ್ಯಾಕೆಟ್ ಸಂಖ್ಯೆ, ಸರಾಸರಿ ಪ್ಯಾಕೆಟ್ ಗಾತ್ರ, ಹೊಸ ಕನೆಕ್ಷನ್‌ಗಳು, ಇವಕ್ಕೂ ಇದೇ ಕ್ಯುಸಮ್ ಹಾಕಿ. ಸಿನ್ (ಕನೆಕ್ಷನ್ ತೆರೆಯುವ ಪ್ಯಾಕೆಟ್) ಎಷ್ಟು ಬಂತು, ಫಿನ್ (ಮುಚ್ಚುವ ಪ್ಯಾಕೆಟ್) ಎಷ್ಟು ಹೋಯಿತು ಅನ್ನುವ ವ್ಯತ್ಯಾಸ ಇನ್ನೂ ಚೆನ್ನ, ಏಕೆಂದರೆ ಸರಿಯಾಗಿ ನಡೆಯುತ್ತಿರುವಾಗ ಎರಡೂ ಹೆಚ್ಚುಕಡಿಮೆ ಜೋಡಿಯಾಗಿಯೇ ಏರುತ್ತವೆ, ಇಳಿಯುತ್ತವೆ. ಸಿನ್ ಫ್ಲಡ್ (ಬರೀ ಸಿನ್ ಸುರಿಸುವ ದಾಳಿ) ಹಿಡಿಯಲು ಇದೇ ಉಪಾಯ ಬಳಸುತ್ತಾರೆ.

ಮತ್ತೆ, ಬದಲಾದದ್ದು ಟ್ರಾಫಿಕ್ಕೋ ಅಳತೆಗೋಲೋ ಅಂತಲೂ ನೋಡಿ. 1 ಜಿಬಿಪಿಎಸ್ ಲಿಂಕ್ ತುಂಬಿ ಹರಿಯುತ್ತಿದ್ದರೆ ಬೈಟ್ ಎಣಿಸುವ 32 ಬಿಟ್ ಕೌಂಟರ್ 34 ಸೆಕೆಂಡಿಗೇ ಒಂದು ಸುತ್ತು ಮುಗಿಸಿ ಸೊನ್ನೆಗೆ ಬರುತ್ತದೆ. 5 ನಿಮಿಷಕ್ಕೊಮ್ಮೆ ಓದುವವರಿಗೆ ಎಷ್ಟು ಸುತ್ತಾಯಿತು ಅಂತ ತಿಳಿಯುವುದೇ ಇಲ್ಲ. 64 ಬಿಟ್ ಕೌಂಟರ್ ಓದಿ. ನಾನೊಮ್ಮೆ ಫ್ಲೋ (ಎರಡು ಯಂತ್ರಗಳ ನಡುವಿನ ಒಂದೊಂದು ಹರಿವು) ಸಂಖ್ಯೆ ಧಡಕ್ಕನೆ ಇಳಿದದ್ದನ್ನು ನೋಡಿ ದಾಳಿ ನಿಂತಿತು ಅಂತ ಎಲ್ಲರಿಗೂ ಮೇಲ್ ಹಾಕಿದ್ದೆ. ಪಕ್ಕದ ಸೀಟಿನವನು ಸ್ಯಾಂಪ್ಲಿಂಗನ್ನು 1000 ಪ್ಯಾಕೆಟ್‌ಗೊಂದರಿಂದ 4000ಕ್ಕೊಂದಕ್ಕೆ ಬದಲಾಯಿಸಿದ್ದ, ಅಷ್ಟೇ.

ರಾತ್ರಿಪಾಳಿ:

ಮೂರು ದಿನ ಕೂತು ಮಾಡಿದೆ. ಬೈಟ್‌ನ ಕ್ಯುಸಮ್ ಸುಮ್ನೆ ತೆವಳುತ್ತಿದೆ. ಪ್ಯಾಕೆಟ್‌ನದ್ದು ಮಾತ್ರ ಒಂದು ಮಂಗಳವಾರ ರಾತ್ರಿ 2 ಗಂಟೆ ಸುಮಾರಿಗೆ ಸೊನ್ನೆ ಬಿಟ್ಟು ಎದ್ದದ್ದು ಮತ್ತೆ ಇಳಿದೇ ಇಲ್ಲ. ಫೈರ್‌ವಾಲ್ ಮಲಗುವುದಕ್ಕೆ ಮೂರು ವಾರ ಮೊದಲಿನ ಮಾತು ಇದು. ಈಗ ರಾತ್ರಿ ಹೊತ್ತು ಪ್ಯಾಕೆಟ್ 35% ಜಾಸ್ತಿ, ಬೈಟ್ ಬರೀ 5%. ಸರಾಸರಿ ಗಾತ್ರ 720 ಬೈಟ್ ಇದ್ದದ್ದು 560ಕ್ಕೆ ಇಳಿದಿದೆ.

ಆ ದಿನಾಂಕ ಹಿಡಿದು ಅಪ್ಲಿಕೇಶನ್ ತಂಡವನ್ನು ಕೇಳಿದೆ. ನಾವೇನೂ ಬದಲಾಯಿಸಿಲ್ಲ ಅಂದರು. ಅರ್ಧ ಗಂಟೆಯ ನಂತರ ಅವರೇ ಫೋನ್ ಮಾಡಿದರು. ಹೊಸ ಆವೃತ್ತಿಯಲ್ಲಿ ಕೀಪ್-ಅಲೈವ್ (ಒಂದೇ ಕನೆಕ್ಷನ್ ಮತ್ತೆ ಮತ್ತೆ ಬಳಸುವುದು) ಆಫ್ ಆಗಿತ್ತಂತೆ, ಒಂದೊಂದು ಕೋರಿಕೆಗೂ ಹೊಸ ಕನೆಕ್ಷನ್. ಮೂರು ವಾರದಲ್ಲಿ ಒಂದೊಂದೇ ಸರ್ವರ್‌ಗೆ ಹಾಕುತ್ತಾ ಬಂದಿದ್ದಾರೆ. ಕೊನೆಯ ಕಂತು ಹೋದ ದಿನವೇ ಟೇಬಲ್ ತುಂಬಿದ್ದು.

ಗಡಿ ಸದ್ಯಕ್ಕೆ 9 ಇಟ್ಟಿದ್ದೇನೆ. ಈ ವಾರ ಬಂದದ್ದು ಎರಡೇ ಮೇಲ್. ಎರಡನೆಯದು ಬೇರೆ ಇಂಟರ್ಫೇಸ್‌ನದ್ದು, ಅಲ್ಲಿ ಬೈಟ್ ಕೆಳಗೆ ಬಿದ್ದಿದೆ, ಪ್ಯಾಕೆಟ್ ಹಾಗೇ ಇದೆ. ಏನಿರಬಹುದು?

ಹಳೇರೂಟರ್:

ಕೌಂಟರ್ ಎಷ್ಟು ಬಿಟ್?

ರಾತ್ರಿಪಾಳಿ:

ನೋಡಿದೆ. 32. ಈಗ ಬದಲಾಯಿಸುತ್ತಿದ್ದೇನೆ.