ಮುತ್ತಾತನ ತಮ್ಮ ಹಡಗು ಹತ್ತಿ ಹೋದ್ರಂತೆ, ಎಲ್ಲಿಂದ ಹುಡುಕೋದು?

ಕೇಳಿದವರು: ನಮ್ಮದು ಕೊಳ್ಳೇಗಾಲದ ಕಡೆ ಹಳ್ಳಿ. ಮುತ್ತಾತನ ತಮ್ಮ ಧಾತು ಬರದಲ್ಲಿ ಮದ್ರಾಸಿಗೆ ಹೋಗಿ ಹಡಗು ಹತ್ತಿ ಆಫ್ರಿಕಾದ ಕಬ್ಬಿನ ತೋಟಕ್ಕೆ ಹೋದ್ರು, ಆಮೇಲೆ ಸುದ್ದಿನೇ ಇಲ್ಲ ಅಂತ ಅಜ್ಜಿ ಹೇಳ್ತಿದ್ರು. ಅವರ ಹೆಸರು, ಅವರಪ್ಪನ ಹೆಸರು ಬಿಟ್ರೆ ಬೇರೇನೂ ಗೊತ್ತಿಲ್ಲ. ಹಡಗಿನ ಪಟ್ಟಿ, ಸೆನ್ಸಸ್ ಎಲ್ಲ ನೋಡಿದ್ರೆ ಸಿಗುತ್ತಂತಲ್ಲ, ಯಾರಾದ್ರೂ ಹುಡುಕಿದ್ರೆ ಅನುಭವ ಹೇಳಿ ಪ್ಲೀಸ್.

ಬಳ್ಳಾರಿ ಕಡೆಯವರು: ಅಪ್ಪನ ಹೆಸರು ಗೊತ್ತಿದೆ ಅಂದ್ರಲ್ಲ, ಅರ್ಧ ಕೆಲಸ ಆದಂಗೆ. ನಮ್ಮನೇಲಿ ಅದೂ ಗೊತ್ತಿರ್ಲಿಲ್ಲ. ಆಫ್ರಿಕಾ ಕಬ್ಬಿನ ತೋಟ ಅಂದ್ರೆ ಬಹುಶಃ ನೇಟಾಲ್, ಈಗಿನ ಡರ್ಬನ್ ಸುತ್ತಮುತ್ತ. ಕರಾರಿನ ಮೇಲೆ ಕೂಲಿಯವರನ್ನ ಅಲ್ಲಿಗೆ ಕರ್ಕೊಂಡು ಹೋದ ಮೊದಲನೇ ಹಡಗು ಟ್ರೂರೋ, ಮದ್ರಾಸಿಂದ ಹೊರಟು 1860ರ ನವೆಂಬರ್ 16ಕ್ಕೆ ಅಲ್ಲಿ ಮುಟ್ತು. 1911ರಲ್ಲಿ ನಿಲ್ಲೋ ಹೊತ್ತಿಗೆ ಒಟ್ಟು 1,52,000ಕ್ಕೂ ಜಾಸ್ತಿ ಜನ ಹೋಗಿದ್ರು, ಅದ್ರಲ್ಲಿ ಹೆಚ್ಚಿನವರು ಮದ್ರಾಸಿಂದಲೇ ಹತ್ತಿದವರು. ಮಧ್ಯದಲ್ಲಿ 1866ರಿಂದ 1874ರ ತನಕ ಹಡಗೇ ನಿಂತಿತ್ತು, ಹಾಗಾಗಿ ಮೊದಲು ವರ್ಷ ಗಟ್ಟಿ ಮಾಡ್ಕೊಳ್ಳಿ. ಧಾತು ಸಂವತ್ಸರ ಅಂದ್ರೆ 1876-77, ಅದರ ಮುಂದಿನದು ಈಶ್ವರ. ನಮ್ಮ ಅಜ್ಜಿಯರು ಇಸವಿ ಹೇಳಲ್ಲ ಸಂವತ್ಸರ ಹೇಳ್ತಾರೆ, ಅದು ಒಳ್ಳೇದೇ ಆಯ್ತು ನೋಡಿ, ಇಸವಿಗಿಂತ ಪಕ್ಕಾ. ಆದ್ರೂ ಹಿಂದೆ ಮುಂದೆ ಮೂರ್ನಾಲ್ಕು ವರ್ಷ ಸೇರಿಸ್ಕೊಂಡೇ ನೋಡಿ, ಬರ ಮುಗಿದ ಮೇಲೂ ಸಾಲಕ್ಕೆ ಸಿಕ್ಕಿ ಹೋದವರು ಇರ್ತಾರೆ.

ಇನ್ನು ಮುಖ್ಯವಾದ ವಿಷ್ಯ, ಕೊಳ್ಳೇಗಾಲ ಅಂತ ಮೈಸೂರು ಕೆಳಗೆ ಹುಡುಕಿದ್ರೆ ಏನೂ ಸಿಗಲ್ಲ. 1956ರ ತನಕ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಲಿತ್ತು, ಪಟ್ಟೀಲಿ ಜಿಲ್ಲಾ ಕಾಲಂನಲ್ಲಿ ಕೊಯಮತ್ತೂರು ಅಂತಲೇ ಇರುತ್ತೆ, ಅದರ ಪಕ್ಕ ತಾಲ್ಲೂಕು, ಆಮೇಲೆ ಊರು. ನಮ್ಮ ಕಡೆನೂ ಅದೇ ಕಥೆ, ಅನಂತಪುರ ಜಿಲ್ಲೆ ಆಗಿದ್ದೇ 1882ರಲ್ಲಿ, ಅದಕ್ಕಿಂತ ಮುಂಚೆ ಹೋದ ಅಲ್ಲಿಯವರೆಲ್ಲ ಬಳ್ಳಾರಿಯವರೇ. ಹೆಸರು ಹಿಡ್ಕೊಂಡು ಹೋಗಬೇಡಿ, ಊರು ಮತ್ತೆ ಅಪ್ಪನ ಹೆಸರು ಹಿಡ್ಕೊಂಡು ಹೋಗಿ. ಮಾದಪ್ಪನ ಸೀಮೇಲಿ ಬೀದಿಗೆ ನಾಲ್ಕು ಜನ ಮಾದ ಇರ್ತಾರೆ, ಅದನ್ನ ಕನ್ನಡ ಬರದ ಗುಮಾಸ್ತ ಕಿವಿಗೆ ಬಿದ್ದಂಗೆ ಇಂಗ್ಲಿಷಲ್ಲಿ ಬರ್ದಿರ್ತಾನೆ, ಹನುಮ ಹೋಗಿ ಅನುಮ, ವೆಂಕಟ ಹೋಗಿ ಎಂಕಟ, ಸಿದ್ದ ಏನಾಗಿದ್ದಾನೋ ಶಿವನೇ ಬಲ್ಲ. ವಯಸ್ಸೂ ಅಂದಾಜು. ಆದ್ರೆ ಎತ್ತರ, ಮೈಮೇಲಿನ ಮಚ್ಚೆ ಗಾಯದ ಗುರುತು ಬರೆದಿರ್ತಾರೆ, ಮನೇಲಿ ಅಂಥದ್ದೇನಾದ್ರೂ ಮಾತು ಉಳ್ಕೊಂಡಿದ್ಯಾ ಕೇಳಿ.

ಡರ್ಬನ್‌ನಲ್ಲಿ ಇರೋರು: ಮೂಲ ಪಟ್ಟಿ ಇಲ್ಲಿನ ಆರ್ಕೈವ್ಸ್‌ನಲ್ಲಿದೆ, ಟೈಪ್ ಮಾಡಿದ್ದು ಕ್ವಾಜುಲು-ನೇಟಾಲ್ ಯೂನಿವರ್ಸಿಟಿಯವರು ಆನ್‌ಲೈನ್ ಹಾಕಿದ್ದಾರೆ, ಮನೇಲೇ ಕೂತು ನೋಡಬಹುದು. ಅದರಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರ್ ಇರುತ್ತೆ, ಅದು ಸಿಕ್ರೆ ಬಂಗಾರ. ಯಾವ ತೋಟದ ಮಾಲೀಕನಿಗೆ ಕೊಟ್ರು, ಮದುವೆ, ಸಾವು ಎಲ್ಲ ಆ ನಂಬರ್ ಮೇಲೇ ನಡೀತಿತ್ತು, ಜೀವನ ಪೂರ್ತಿ ಮನುಷ್ಯನಿಗಿಂತ ನಂಬರೇ ಮುಂದೆ. ಹಿಂದೆ ಮುಂದಿನ ನಂಬರ್ ಕೂಡ ನೋಡಿ, ಒಂದೇ ಮನೆಯವರು ಒಂದೇ ಊರವರು ಹೆಚ್ಚಾಗಿ ಸಾಲಾಗೇ ಇರ್ತಾರೆ, ನಿಮ್ಮೋರ ಊರಿನ ಸ್ಪೆಲಿಂಗ್ ಕೆಟ್ಟಿದ್ರೆ ಪಕ್ಕದವನದ್ದು ಸರಿ ಇರಬಹುದು.

ಕರಾರು ಐದು ವರ್ಷ, ಹತ್ತು ವರ್ಷ ಇದ್ರೆ ವಾಪಸ್ ಬರೋಕೆ ಹಡಗು ಫ್ರೀ. ಬರ್ಲಿಲ್ಲ ಅಂದ್ರೆ ಸತ್ರು ಅಂತೇನಲ್ಲ, ತುಂಬಾ ಜನ ಇಲ್ಲೇ ತರಕಾರಿ ಬೆಳ್ಕೊಂಡು ನೆಲೆ ನಿಂತ್ರು. ವಂಶದವರನ್ನ ಹುಡುಕೋವಾಗ ಕನ್ನಡಿಗರು ಅಂತ ಹುಡುಕಬೇಡಿ. ಇಲ್ಲಿ ತಮಿಳು, ತೆಲುಗು, ಹಿಂದಿ, ಗುಜರಾತಿ ಅಂತ ಗುಂಪುಗಳಿವೆ, ಕೊಯಮತ್ತೂರು ಜಿಲ್ಲೆ ಅಂತ ಬರೆಸಿಕೊಂಡು ಬಂದವರು ತಮಿಳರ ಲೆಕ್ಕಕ್ಕೆ ಸೇರಿರೋ ಸಾಧ್ಯತೆನೇ ಜಾಸ್ತಿ. ಬಂದವನ ಒಂಟಿ ಹೆಸರೇ ಮೊಮ್ಮಕ್ಕಳಿಗೆ ಸರ್‌ನೇಮ್ ಆಗಿರೋದೂ ಉಂಟು.

ಕೋಲಾರದವರು: ಸೆನ್ಸಸ್ ಆಸೆ ಬಿಟ್ಟುಬಿಡಿ. ನಮ್ಮಲ್ಲಿ ಮನೆಮನೆ ಹಾಳೆ ಸಾರ್ವಜನಿಕರಿಗೆ ಕೊಡಲ್ಲ, ಕಾನೂನೇ ಹಂಗಿದೆ, ಹಳೇ ಕಾಲದ್ದು ಲೆಕ್ಕ ತೆಗೆದ ಮೇಲೆ ಬರೀ ಅಂಕಿ ಕೋಷ್ಟಕ ಉಳಿದಿರೋದು. ಮೈಸೂರು ಸಂಸ್ಥಾನದಲ್ಲಿ 1871ಕ್ಕೆ ಸುಮಾರು 50 ಲಕ್ಷ ಇದ್ದ ಜನ 1881ಕ್ಕೆ 42 ಲಕ್ಷದ ಹತ್ರ ಇಳಿದ್ರು ಅಂತ ಗೊತ್ತಾಗುತ್ತೆ, ಅದ್ರಲ್ಲಿ ನಮ್ಮಜ್ಜ ಯಾರು ಅಂತ ಗೊತ್ತಾಗಲ್ಲ. ಇಂಗ್ಲೆಂಡು ಅಮೆರಿಕಾದಲ್ಲಿ ಹೆಸರು ಹಾಕಿದ್ರೆ ಮನೆ ಸಮೇತ ಬರುತ್ತೆ, ಅದನ್ನ ಯೂಟ್ಯೂಬಲ್ಲಿ ನೋಡಿ ನಾವೂ ಆಸೆ ಪಡ್ತೀವಿ. ಅದರ ಬದ್ಲು ಮನೆಮನೆಗೆ ಬಂದು ವಂಶಾವಳಿ ಹೇಳೋ ಹೆಳವರನ್ನ ಕೇಳಿ! ನಿಮ್ಮ ಮನೆತನಕ್ಕೆ ಬರೋ ಹೆಳವರು ಇದ್ರೆ ಅವರ ಪುಸ್ತಕದಲ್ಲಿ ಅಣ್ಣತಮ್ಮಂದಿರ ಹೆಸರು, ಮೂಲ ಊರು ಸಿಗಬಹುದು. ನಮ್ಮ ಮನೆಗೆ ಬಂದಾಗ ಹೇಳಿದ ಹೆಸರುಗಳನ್ನ ಚಿಕ್ಕಪ್ಪ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡಿದ್ರು, ಅಪ್ಪನ ಹೆಸರು ತಾಳೆ ಹಾಕೋಕೆ ಅದೇ ಉಪಯೋಗಕ್ಕೆ ಬಂತು. ಹೆಳವರಿಗೆ ಕಾಳು ಕಡಿ ಕಾಣಿಕೆ ಕೊಡೋದು ಮರೀಬೇಡಿ ಮತ್ತೆ.

ಬಳ್ಳಾರಿ ಕಡೆಯವರು: ಇನ್ನೊಂದು ಬಿಟ್ಟೋಯ್ತು. ವಂಶಾವಳಿ ಸೈಟ್‌ಗಳಿಗೆ ದುಡ್ಡು ಕಟ್ಟೋಕೆ ಮುಂಚೆ ಅವರ ಹತ್ರ ಇರೋ ಪಟ್ಟಿ ಯಾವ ಬಂದರಿನದ್ದು ನೋಡಿ. ಬ್ರಿಟಿಷ್ ಪ್ಯಾಸೆಂಜರ್ ಲಿಸ್ಟ್ ಅಂತ ದೊಡ್ಡದಾಗಿ ಹಾಕಿರ್ತಾರೆ, ಅದು ಇಂಗ್ಲೆಂಡಿನ ಬಂದರಿಗೆ ಬಂದು ಹೋದ ಹಡಗಿನದ್ದು, ಮದ್ರಾಸಿಂದ ಸೀದಾ ಡರ್ಬನ್‌ಗೆ ಹೋದ ಹಡಗು ಅದರಲ್ಲಿ ಯಾಕಿರುತ್ತೆ.

ಕೇಳಿದವರು: ಎಲ್ರಿಗೂ ಥ್ಯಾಂಕ್ಸ್. ಕೊಯಮತ್ತೂರು ಅನ್ನೋದು ತಲೆಗೇ ಹೊಳೆದಿರ್ಲಿಲ್ಲ. ನೇಟಾಲ್ ಪಟ್ಟೀಲಿ ಸಿಗ್ಲಿಲ್ಲ ಅಂದ್ರೆ?

ಡರ್ಬನ್‌ನಲ್ಲಿ ಇರೋರು: ಆಗ ಮಾರಿಷಸ್ ನೋಡಿ. ಹಳ್ಳೀಲಿ ಕೂತೋರಿಗೆ ಎರಡೂ ಆಫ್ರಿಕಾನೇ ತಾನೇ. ಆ ದಾಖಲೆ ಮೋಕಾದಲ್ಲಿರೋ ಮಹಾತ್ಮ ಗಾಂಧಿ ಇನ್‌ಸ್ಟಿಟ್ಯೂಟ್ ಹತ್ರ ಇದೆ, 1860ರ ದಶಕದಿಂದ ಈಚೆಗೆ ಹೋದ ಎಷ್ಟೋ ಜನರ ಫೋಟೋ ಕೂಡ ಇದೆ. ಫಿಜಿ ಮಾತ್ರ ಬಿಟ್ಟುಬಿಡಿ, ಮದ್ರಾಸಿಂದ ಅಲ್ಲಿಗೆ ಹಡಗು ಶುರುವಾಗಿದ್ದೇ 1903ರಲ್ಲಿ. ಇನ್‌ಸ್ಟಿಟ್ಯೂಟ್‌ಗೆ ಬರೆಯೋವಾಗ ಹೆಸರು, ಅಪ್ಪನ ಹೆಸರು, ಊರು, ಹಳೇ ಜಿಲ್ಲೆ, ಅಂದಾಜು ವರ್ಷ ಇಷ್ಟನ್ನ ಚಿಕ್ಕದಾಗಿ ಬರೀರಿ, ಅಜ್ಜಿ ಕಥೆಯೆಲ್ಲ ಬರೆದ್ರೆ ಓದೋರಿಲ್ಲ.